ಅಜ್ಜನ ಮನೆಯ ತೊಲೆಯೋ, ಪ್ಲೈವುಡ್ಡೋ, ಉಕ್ಕೋ: ಪೀಠೋಪಕರಣದ ಪರಿಸರದ ಲೆಕ್ಕ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಸಾಗರ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಜ್ಜ ಕಟ್ಟಿಸಿದ್ದ ಹೆಂಚಿನ ಮನೆಯನ್ನು ಬಿಚ್ಚಿಸಿ, ಅದೇ ಜಾಗದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇನೆ. ಹಳೆಯ ಮನೆಯ ಹಲಸು, ಮತ್ತಿ, ನಂದಿ ಮರದ ತೊಲೆ, ಜಂತಿಗಳು ಸುಮಾರು 60 ಘನ ಅಡಿಯಷ್ಟು ಕೊಟ್ಟಿಗೆಯಲ್ಲಿವೆ. ಆಚಾರಿಯವರು ‘ಇವುಗಳಲ್ಲಿ ಮೊಳೆ ಜಾಸ್ತಿ, ಕೊಯ್ಯಿಸುವ ಖರ್ಚಿನಲ್ಲಿ ಹೊಸ ಪ್ಲೈವುಡ್ಡೇ ಬರುತ್ತದೆ, ಬಚ್ಚಲ ಒಲೆಗೆ ಹಾಕಿಬಿಡಿ’ ಎನ್ನುತ್ತಾರೆ. ಒಳಾಂಗಣ ಕೆಲಸಕ್ಕೆ ವಿಚಾರಿಸಿದಾಗ ಶಿವಮೊಗ್ಗದ ಒಬ್ಬರು ಅಡುಗೆಮನೆಗೂ ಕಪಾಟುಗಳಿಗೂ ಎಂಡಿಎಫ್ ಹಲಗೆ ಸೂಚಿಸಿ, ‘ಇದು ಇ-ಝೀರೋ, ಮರ ಕಡಿಯದೆ ಮಾಡಿದ್ದು, ಪರಿಸರಸ್ನೇಹಿ’ ಎಂದರು. ಬೆಂಗಳೂರಿನಲ್ಲಿರುವ ಮಗಳು ‘ಮರವೇ ಬೇಡ ಅಪ್ಪ, ಎಲ್ಲವನ್ನೂ ಉಕ್ಕಿನಲ್ಲೇ ಮಾಡಿಸಿ’ ಎಂದು ಹಟ ಹಿಡಿದಿದ್ದಾಳೆ. ರಜೆಗೆ ಬರುವ ಮೊಮ್ಮಗನಿಗೆ ಉಬ್ಬಸವಿದೆ. ಇವುಗಳಲ್ಲಿ ಪರಿಸರಕ್ಕೂ ಮನೆಯವರಿಗೂ ಯಾವುದರಿಂದ ತೊಂದರೆ ಕಡಿಮೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಆತಂಕಗಳು ಹೆಣೆದುಕೊಂಡಿವೆ. ಮರ ಬಳಸಿದರೆ ಕಾಡಿಗೆ ಕೊಡಲಿ ಇಟ್ಟಂತೆಯೇ ಎಂಬುದು ಒಂದು, ಕಾರ್ಖಾನೆಯ ಹಲಗೆಯಿಂದ ಮನೆಯೊಳಗಿನ ಗಾಳಿ ಕೆಡುತ್ತದೆಯೇ ಎಂಬುದು ಇನ್ನೊಂದು, ಹಳೆಯ ತೊಲೆಗಳ ಮೇಲೆ ಸುರಿಯುವ ಹಣ ದಂಡವೇ ಎಂಬುದು ಮೂರನೆಯದು. ಪ್ಲೈವುಡ್ ಕಾರ್ಖಾನೆಗಳಲ್ಲಿಯೂ ಮರದ ಪರೀಕ್ಷಾಲಯದಲ್ಲಿಯೂ ಮೂರು ದಶಕ ಕೆಲಸ ಮಾಡಿದವನಾಗಿ ನಾನು ಹೇಳಬಲ್ಲದ್ದೆಂದರೆ, ಇವೆಲ್ಲಕ್ಕೂ ಸಲ್ಲುವ ಒಂದೇ ಉತ್ತರವಿಲ್ಲ. ಆದರೆ ನಿಮ್ಮ ಮನೆಯ ಮಟ್ಟಿಗೆ ಮೊದಲ ಹೆಜ್ಜೆ ಸ್ಪಷ್ಟವಾಗಿದೆ. ತೊಲೆಗಳನ್ನು ಒಲೆಗೆ ಹಾಕಬೇಡಿ. ಅದೇಕೆಂಬುದನ್ನು ಕೊನೆಯಲ್ಲಿ ವಿವರಿಸುತ್ತೇನೆ, ಮೊದಲು ಮಗಳ ಮಾತಿಗೆ ಬರೋಣ.

ಆಕೆಯ ಆತಂಕ ಆಧಾರವಿಲ್ಲದ್ದಲ್ಲ. ಪಶ್ಚಿಮಘಟ್ಟದ ಕಾಡುಗಳು ನಾಟಾಕ್ಕಾಗಿ ಬೋಳಾದ ಚರಿತ್ರೆ ನಮ್ಮ ಕಣ್ಣೆದುರಿಗೇ ಇದೆ. 1840ರ ದಶಕದಲ್ಲಿ ಕೇರಳದ ನಿಲಂಬೂರಿನಲ್ಲಿ ತೇಗದ ನೆಡುತೋಪು ಆರಂಭವಾದ ಮೇಲೆ, ಹಲವು ಜಾತಿಯ ಮರಗಳಿದ್ದ ಕಾಡನ್ನು ಕಡಿದು ಒಂದೇ ಜಾತಿಯ ತೇಗ ನೆಡುವ ಪದ್ಧತಿ ಉತ್ತರ ಕನ್ನಡದವರೆಗೂ ಹಬ್ಬಿತು. ಆದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಅದರ ಬೆನ್ನಿಗೆ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಕಾಡಿನ ಮರ ಕಡಿತಕ್ಕೆ ಕಡಿವಾಣ ಹಾಕಿ ಸುಪ್ರೀಂ ಕೋರ್ಟ್ ನೀಡಿದ ಆದೇಶ, ಇವೆರಡೂ ಕಾಡಿನ ಮರವನ್ನು ನೆಚ್ಚಿಕೊಂಡಿದ್ದ ಉದ್ಯಮದ ದಾರಿಯನ್ನೇ ಬದಲಿಸಿದವು. ಈಗ ಭಾರತದ ಮರದ ಕಾರ್ಖಾನೆಗಳಿಗೆ ಬರುವ ಕಚ್ಚಾಮಾಲಿನ ಬಹುಪಾಲು ಕಾಡಿನ ಹೊರಗೆ ಬೆಳೆದದ್ದು: ಹರಿಯಾಣದ ಯಮುನಾನಗರಕ್ಕೆ ರೈತರ ಹೊಲದ ಪಾಪ್ಲರ್ ಮತ್ತು ನೀಲಗಿರಿ, ಕೇರಳದ ಪೆರುಂಬಾವೂರಿಗೆ ಹಾಲು ಬತ್ತಿದ ರಬ್ಬರ್ ಮರ, ನಮ್ಮಲ್ಲಿ ಕಾಫಿ ತೋಟದ ಸಿಲ್ವರ್ ಓಕ್ ಮತ್ತು ಬಯಲುಸೀಮೆಯ ರೈತರು ನೆಟ್ಟ ಹೆಬ್ಬೇವು. ಹೀಗಾಗಿ ಮರ ಕಡಿಯುವುದೂ ಕಾಡು ಕಡಿಯುವುದೂ ಈಗ ಒಂದೇ ಅಲ್ಲ. ನೆಟ್ಟವನಿಗೆ ಒಳ್ಳೆಯ ಬೆಲೆ ಸಿಕ್ಕರೆ ಅವನು ಮತ್ತೆ ನೆಡುತ್ತಾನೆ. ತೋಟದಂಚಿನ ಹಲಸಿಗೆ ಬೆಲೆಯೇ ಇಲ್ಲವೆಂದಾದರೆ ಆ ಜಾಗದಲ್ಲಿ ಬರುವುದು ಇನ್ನೊಂದು ಸಾಲು ಅಡಕೆ. ಇದನ್ನು ಸಾಗರದವರಿಗೆ ನಾನು ಹೇಳಬೇಕಿಲ್ಲ.

ಉಕ್ಕಿನ ಲೆಕ್ಕ ಹೀಗಿದೆ. ಕಲ್ಲಿದ್ದಲನ್ನು ನೆಚ್ಚಿರುವ ನಮ್ಮ ದೇಶದ ಉಕ್ಕು ಉದ್ಯಮದಲ್ಲಿ ಒಂದು ಕಿಲೋ ಉಕ್ಕು ತಯಾರಾಗುವಾಗ ಸುಮಾರು ಎರಡೂವರೆ ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಎಪ್ಪತ್ತು ಕಿಲೋ ತೂಗುವ ಒಂದು ಬೀರು ಎಂದರೆ, ಬಣ್ಣ ಮತ್ತು ಸಾಗಾಣಿಕೆ ಬಿಟ್ಟು, 175 ಕಿಲೋ ಆಯಿತು. ಮರದ ಕಥೆ ಇದಕ್ಕೆ ವಿರುದ್ಧ. ಚೆನ್ನಾಗಿ ಒಣಗಿದ ಮರದ ತೂಕದಲ್ಲಿ ಸರಿಸುಮಾರು ಅರ್ಧ ಇಂಗಾಲವೇ ಆಗಿದ್ದು, ಅದು ಆ ಮರ ಬದುಕಿದ್ದಾಗ ಗಾಳಿಯಿಂದ ಹೀರಿಕೊಂಡದ್ದು. ಮರ ಮಂಚವಾಗಿಯೋ ಕಪಾಟಾಗಿಯೋ ಉಳಿದಿರುವಷ್ಟು ಕಾಲ ಅದು ಅಲ್ಲೇ ಬಂದಿಯಾಗಿರುತ್ತದೆ. ನಿಮ್ಮ 60 ಘನ ಅಡಿ ಮರದ ಒಣ ತೂಕ ಒಂದು ಟನ್ನಿನ ಆಸುಪಾಸು ಎಂದಿಟ್ಟುಕೊಂಡರೆ, ಒಲೆಗೆ ಹಾಕಿದಾಗ ಸುಮಾರು 1.8 ಟನ್ ಇಂಗಾಲದ ಡೈಆಕ್ಸೈಡ್ ಒಮ್ಮೆಗೇ ಹೊರಬೀಳುತ್ತದೆ. ಹಾಗೆಂದು ಉಕ್ಕನ್ನು ನಾನು ಹಳಿಯುತ್ತಿಲ್ಲ. ಒರಲೆಯ ಕಾಟವಿರುವ, ನೆಲದ ತಂಪು ಏರುವ ಮೂಲೆಯಲ್ಲಿ ಬೀರು ನಲವತ್ತು ವರ್ಷ ನಿಲ್ಲುತ್ತದೆ, ಕೊನೆಗೆ ಗುಜರಿಗೆ ಹೋಗಿ ಮತ್ತೆ ಕರಗುತ್ತದೆ. ಆದರೆ ಕಾಡು ಉಳಿಸುವ ಹೆಸರಿನಲ್ಲಿ ಮನೆಯಲ್ಲಿರುವ ಮರವನ್ನು ಸುಟ್ಟು ಉಕ್ಕು ತರುವುದು ತಲೆಕೆಳಗಾದ ಲೆಕ್ಕ.

ಇನ್ನು ಪ್ಲೈವುಡ್. ಮರವನ್ನು ತೆಳುವಾಗಿ ಸುಲಿದು, ಪದರ ಪದರವಾಗಿ ಅಂಟು ಹಚ್ಚಿ ಒತ್ತಿದ್ದೇ ಪ್ಲೈವುಡ್ ಆದ್ದರಿಂದ ‘ಪ್ಲೈವುಡ್ ಎಂದರೆ ಮರ ಉಳಿತಾಯ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಗರಗಸದಲ್ಲಿ ದಿಮ್ಮಿ ಕೊಯ್ದಾಗ ಅರ್ಧದಷ್ಟು ಭಾಗ ಹೊಟ್ಟಾಗಿ, ಅಂಚಿನ ಚಕ್ಕೆಯಾಗಿ ಹೋಗುತ್ತದೆ. ಸುಲಿಯುವಾಗ ನಷ್ಟ ಕಡಿಮೆ, ಸಣ್ಣ ಸುತ್ತಳತೆಯ ಹೆಬ್ಬೇವಿನಂಥ ಮರವೂ ಉಪಯೋಗಕ್ಕೆ ಬರುತ್ತದೆ. ಮರೆಯಾಗಿರುವ ಇನ್ನರ್ಧ ಇರುವುದು ಮೇಲ್ಪದರದಲ್ಲಿ. ಅಂಗಡಿಯಲ್ಲಿ ‘ಗರ್ಜನ್ ಪ್ಲೈ’ ಎಂದು ಹೆಮ್ಮೆಯಿಂದ ತೋರಿಸುವ ಹಲಗೆಯ ಒಳಗಿನ ಪದರಗಳು ಹೊಲದ ಮರದ್ದಾಗಿದ್ದರೂ, ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ತೆಳ್ಳಗಿರುವ ಕೆಂಪು ಮೇಲ್ಪದರ ಆಗ್ನೇಯ ಏಷ್ಯಾದ ಸಹಜ ಮಳೆಕಾಡಿನ ಮಹಾವೃಕ್ಷದಿಂದ ಬಂದದ್ದು. 2014ರ ಏಪ್ರಿಲ್‌ನಲ್ಲಿ ಮ್ಯಾನ್ಮಾರ್ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ ನಮ್ಮ ಉದ್ಯಮ ಆಫ್ರಿಕದ ಗ್ಯಾಬನ್ನಿನ ಒಕುಮೆ ಮರದ ಕಡೆ ತಿರುಗಿತು. ಆ ದೇಶವೂ 2010ರಲ್ಲೇ ಇಡೀ ದಿಮ್ಮಿ ಹೊರಗೆ ಹೋಗದಂತೆ ತಡೆದಿದ್ದರಿಂದ ಅಲ್ಲೇ ಸುಲಿದ ಹಾಳೆಗಳು ಹಡಗಿನಲ್ಲಿ ಬರುತ್ತವೆ. ಮೈಕಾ ಅಂಟಿಸಿ ಮುಚ್ಚಿಬಿಡುವ ಕಪಾಟಿಗೆ ಈ ಮೇಲ್ಪದರದ ಸೊಗಸು ಯಾರಿಗೂ ಕಾಣುವುದಿಲ್ಲ. ಗರ್ಜನ್ ಬೇಡ, ಪೂರ್ತಿ ನೀಲಗಿರಿ ಅಥವಾ ಸಿಲ್ವರ್ ಓಕ್ ಪದರದ್ದೇ ಇರಲಿ ಎಂದು ಕೇಳುವ ಗಿರಾಕಿ ನೀವೇ ಮೊದಲಿಗರಾಗಬಹುದು, ಅಂಗಡಿಯವರು ವಿಚಿತ್ರವಾಗಿ ನೋಡಬಹುದು; ಆದರೂ ಕೇಳಿ.

ಎಂಡಿಎಫ್ ‘ಮರ ಕಡಿಯದೆ ಮಾಡಿದ್ದು’ ಎಂಬುದು ಮಾರಾಟದ ಮಾತು. ಅದೂ ಮರವೇ. ಸಣ್ಣ ದಿಮ್ಮಿ, ರೆಂಬೆ, ಮಿಲ್ಲಿನ ಚೂರುಗಳನ್ನು ಬೇಯಿಸಿ, ನಾರು ನಾರಾಗಿ ಬಿಡಿಸಿ, ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿದ್ದು. ಬೇರೆ ಕೆಲಸಕ್ಕೆ ಬಾರದ ಮರವನ್ನು ಬಳಸುವುದರಿಂದ ಅದರಲ್ಲೊಂದು ಮಿತವ್ಯಯವಿದೆ ಎಂಬುದು ನಿಜ. ಆದರೆ ಹಲಗೆಯ ತೂಕದಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಅಂಟು ಇರುತ್ತದೆ. ಅದು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ನಿಮ್ಮ ಊರಿನಲ್ಲಿ ಈ ಅಂಟಿನ ಸ್ವಭಾವ ತಿಳಿದಿರುವುದು ಮುಖ್ಯ. ಅದು ಗಟ್ಟಿಯಾದ ಮೇಲೂ ತೇವ ಮತ್ತು ಶಾಖ ತಾಗಿದಾಗ ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತದೆ. ಬಯಲುಸೀಮೆಯ ಒಣ ಹವೆಯಲ್ಲಿ ಕಡಿಮೆ ಅನಿಲ ಬಿಡುವ ಅದೇ ಹಲಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮಲೆನಾಡಿನಲ್ಲಿ, ಮಳೆ ಒಳಬರುತ್ತದೆಂದು ಕಿಟಕಿ ಮುಚ್ಚಿದ ಕೋಣೆಯೊಳಗೆ ಹೆಚ್ಚು ಬಿಡುತ್ತದೆ. ಕಣ್ಣುರಿ, ಗಂಟಲು ಕೆರೆತ ಇದರ ಮೊದಲ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಇದರಿಂದ ಗಾಬರಿಯಾಗಬೇಕಿಲ್ಲ. ವರ್ಷಗಟ್ಟಲೆ ದಟ್ಟ ಅನಿಲದ ನಡುವೆ ದುಡಿಯುವ ಕಾರ್ಮಿಕನಿಗಿರುವ ಅಪಾಯವೂ ಒಂದು ಕಪಾಟಿರುವ ಮನೆಯವರಿಗಿರುವ ಅಪಾಯವೂ ಒಂದೇ ಅಲ್ಲ. ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ, ಅರ್ಧ ಗಂಟೆಯ ಸರಾಸರಿಯಲ್ಲಿ, ಘನ ಮೀಟರಿಗೆ 0.1 ಮಿಲಿಗ್ರಾಂ. ಆದರೆ ಉಬ್ಬಸವಿರುವ ಮಗು ಮಲಗುವ ಕೋಣೆಯನ್ನು ಈ ಅಂಟಿನ ಹಲಗೆಗಳಿಂದ ನಾಲ್ಕೂ ಕಡೆ ತುಂಬಿಸುವುದನ್ನು ನಾನು ಒಪ್ಪುವುದಿಲ್ಲ. ಉಬ್ಬಸಕ್ಕೆ ಬೂಷ್ಟು, ಧೂಳು, ಹೊಗೆ ಎಂದು ಬೇರೆ ಕಾರಣಗಳೂ ಇರುವುದರಿಂದ ಆ ವಿಚಾರದಲ್ಲಿ ವೈದ್ಯರ ಮಾತೇ ಅಂತಿಮ.

‘ಇ-ಝೀರೋ’ ಬಗ್ಗೆ: ಹಲಗೆ ಎಷ್ಟು ಫಾರ್ಮಾಲ್ಡಿಹೈಡ್ ಬಿಡುತ್ತದೆಂದು ಅಳೆಯುವ ಯುರೋಪಿನ ಮಾನದಂಡದಲ್ಲಿ ಇ-1 ಎಂಬ ವರ್ಗವುಂಟು, ಇ-ಝೀರೋ ಎಂಬ ಹೆಸರು ಆ ಪಟ್ಟಿಯಲ್ಲಿಲ್ಲ, ಮಾರುಕಟ್ಟೆಯಲ್ಲಿ ಅದನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ. ಸೊನ್ನೆ ಎಂದರೆ ಸೊನ್ನೆಯೇ ಎಂದು ನಂಬಬೇಡಿ. ಪರೀಕ್ಷಾ ವರದಿ ಕೇಳಿ, ಅದರಲ್ಲಿ ಹಲಗೆಯ ದಪ್ಪ, ದಿನಾಂಕ, ಬಂದ ಅಂಕಿ ಇದೆಯೇ ನೋಡಿ. ಸ್ಟಿಕ್ಕರ್ ವರದಿಯಲ್ಲ. ಪ್ಲೈವುಡ್ಡೇ ಬೇಕಾದಲ್ಲಿ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟಿನದನ್ನು ಆರಿಸುವುದು ಒಳ್ಳೆಯದು. ಹೆಸರಿನಲ್ಲಿ ಅದೇ ಪದವಿದ್ದರೂ ಈ ಅಂಟಿನ ಬೆಸುಗೆ ನೀರಿಗೆ ಬಿಚ್ಚುವುದಿಲ್ಲವಾದ್ದರಿಂದ ಅನಿಲವೂ ತೀರ ಕಡಿಮೆ. ಭಾರತೀಯ ಮಾನದಂಡವಾದ ಐಎಸ್ 710ರ ಗುರುತಿನ ಮೆರೀನ್ ಪ್ಲೈ ಈ ಬಗೆಯದು, ಅದು 72 ಗಂಟೆ ಕುದಿಸಿದರೂ ಪದರ ಬಿಡಬಾರದೆಂಬುದು ನಿಯಮ. ಅಂಚಿನಲ್ಲಿ ಅಂಟಿನ ಗೆರೆ ಕಡುಕಂದಾಗಿ ಕಾಣುತ್ತದೆ. ಬಣ್ಣ ಬೆರೆಸಿ ಮೋಸ ಮಾಡುವವರೂ ಇರುವುದರಿಂದ ಅಂಗೈಯಗಲದ ಒಂದು ತುಂಡು ತಂದು ಮನೆಯ ಹೊರಗಿನ ಒಲೆಯ ಮೇಲೆ ನಾಲ್ಕೈದು ಗಂಟೆ ಕುದಿಸಿ ನೋಡಿ. ಅಗ್ಗದ ಅಂಟಾದರೆ ಅಷ್ಟರಲ್ಲಿ ಹಲಗೆ ಹಪ್ಪಳದಂತೆ ಬಿರಿದಿರುತ್ತದೆ. ಯಾವ ಹಲಗೆಯೇ ಆಗಲಿ, ಕೊಯ್ದ ಅಂಚು, ಹಿಂಬದಿ, ಸ್ಕ್ರೂ ತೂತುಗಳನ್ನು ಬರಿದಾಗಿ ಬಿಡದೆ ಮುಚ್ಚಿಸಿ, ಏಕೆಂದರೆ ಅನಿಲ ಹೆಚ್ಚು ಬರುವುದು ಅಲ್ಲಿಂದಲೇ. ಕೆಲಸ ಮುಗಿದ ಮೇಲೆ ಕಪಾಟುಗಳ ಬಾಗಿಲು ತೆರೆದಿಟ್ಟು ಕೆಲವು ವಾರ ಗಾಳಿಯಾಡಲು ಬಿಡಿ. ಕುಂಡದಲ್ಲಿ ಗಿಡ ಇಟ್ಟರೆ ಅನಿಲವೆಲ್ಲ ಹೀರುತ್ತದೆಂಬ ಮಾತು ಬಲು ಪ್ರಚಾರದಲ್ಲಿದೆ; ತೆರೆದ ಒಂದು ಕಿಟಕಿ ಮಾಡುವಷ್ಟು ಕೆಲಸವನ್ನು ಮನೆಯಲ್ಲಿಡಬಹುದಾದ ನಾಲ್ಕಾರು ಗಿಡಗಳು ಮಾಡಲಾರವು.

ಮರ ತೊಯ್ಯುವುದೇ ಬೇಡವೆಂದು ಈಗ ಕೆಲವರು ಪಿವಿಸಿ ಹಲಗೆಯನ್ನು ಸೂಚಿಸುತ್ತಾರೆ. ಸಿಂಕಿನ ಕೆಳಗೆ ಅದು ಸರಿ. ಮನೆಯಿಡೀ ಬೇಡ.

ಅಂಟಿನ ಮಾತಿಗಿಂತ ದೊಡ್ಡ ಮಾತು ಆಯುಸ್ಸಿನದು. ಒಂದು ವಸ್ತುವನ್ನು ಮಾಡುವಾಗ ಪರಿಸರಕ್ಕೆ ಬಿದ್ದ ಹೊರೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸಬೇಕು. ಮರದ ಚೂರುಗಳನ್ನು ಅಂಟು ಬೆರೆಸಿ ಒತ್ತಿದ ಪಾರ್ಟಿಕಲ್ ಬೋರ್ಡಿನಲ್ಲಿ ಮಾಡಿದ ಅಡುಗೆಮನೆಗಳನ್ನು ಎಂಟು ಹತ್ತು ವರ್ಷಕ್ಕೇ ಕಿತ್ತು ಬಿಸಾಡುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಕೆಳಗಿನ ಅಂಚು ನೀರು ಕುಡಿದು ಊದಿಕೊಂಡರೆ ಅದನ್ನು ಕೀಸಿ ಸರಿಮಾಡಲಾಗದು, ತಿರುಪು ಒಮ್ಮೆ ಸಡಿಲಾದರೆ ಅದೇ ತೂತಿನಲ್ಲಿ ಮತ್ತೆ ಬಿಗಿಯುವುದಿಲ್ಲ, ಬಿಚ್ಚಿ ಬೇರೆ ಮನೆಗೆ ಒಯ್ದರೆ ಮೂಲೆಗಳು ಉದುರುತ್ತವೆ, ಪ್ಲಾಸ್ಟಿಕ್ ಹಾಳೆ ಅಂಟಿರುವುದರಿಂದ ಗುಜರಿಯವನೂ ಮುಟ್ಟುವುದಿಲ್ಲ. ಕಚ್ಚು ಹಾಕಿ ಕೂಡಿಸಿದ ಗಟ್ಟಿಮರದ ಮಂಚದ ಕಾಲು ಮುರಿದರೆ ಕಾಲನ್ನಷ್ಟೇ ಬದಲಿಸಬಹುದು. ದುಬಾರಿ ಎನಿಸುವ ಮರದ ಕೆಲಸ ಮೂರು ತಲೆಮಾರಿಗೆ ಬಂದರೆ, ವರ್ಷದ ಲೆಕ್ಕದಲ್ಲಿ ಅಗ್ಗವೂ ಹೌದು, ಹೊರೆ ಕಡಿಮೆಯದೂ ಹೌದು.

ಈಗ ನಿಮ್ಮ ತೊಲೆಗಳ ವಿಷಯ. ನಿಧಾನವಾಗಿ ಬೆಳೆದ, ಬಹುಪಾಲು ಕೆಚ್ಚೇ (ಮರದ ಗಟ್ಟಿ ಒಳಭಾಗ) ಆಗಿರುವ, ದಶಕಗಟ್ಟಲೆ ಸೂರಿನಡಿ ಒಣಗಿದ ಮತ್ತಿ, ನಂದಿಗಳನ್ನು ಇವತ್ತು ಹಣ ಕೊಟ್ಟರೂ ಹುಡುಕುವುದು ಕಷ್ಟ. ಹದಿನೈದು ವರ್ಷಕ್ಕೇ ಕಡಿದ ತೇಗವನ್ನು ಇದರ ಜೊತೆ ಹೋಲಿಸುವಂತೆಯೇ ಇಲ್ಲ. ಎಳೆಯ ತೇಗದಲ್ಲಿ ಬಿಳಿಭಾಗವೇ ಹೆಚ್ಚಾಗಿದ್ದು, ಒರಲೆಯನ್ನು ದೂರವಿಡುವ ಸತ್ವ ಕಡಿಮೆ. ಹಾಗೆಂದು ಆಚಾರಿಯವರ ಮಾತನ್ನು ತಳ್ಳಿಹಾಕುವಂತಿಲ್ಲ. ಒಂದು ಮುರಿದ ಮೊಳೆ ಮಿಲ್ಲಿನ ಗರಗಸದ ಪಟ್ಟಿಯನ್ನು ಹಾಳುಮಾಡಬಲ್ಲದು, ಹಾರಿ ಕಣ್ಣಿಗೂ ತಾಗಬಲ್ಲದು. ಕೊಯ್ಯುವವರು ಹಿಂಜರಿಯುವುದು ಅದಕ್ಕೇ. ಲೋಹ ಪತ್ತೆಮಾಡುವ ಸಣ್ಣ ಕೈಯಂತ್ರ ದುಬಾರಿಯದ್ದೇನಲ್ಲ. ಅದರಿಂದ ಪ್ರತಿ ತೊಲೆಯನ್ನೂ ತಡಕಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೊಳೆಗಳನ್ನು ಕಿತ್ತಮೇಲೆಯೇ ಮಿಲ್ಲಿಗೆ ಕಳಿಸಿ, ಆ ಕೂಲಿಯನ್ನು ಬೇರೆಯಾಗಿ ಕೊಡಿ. ಗೋಡೆಯೊಳಗೆ ಹುದುಗಿದ್ದ ತುದಿಗಳು ಸಾಮಾನ್ಯವಾಗಿ ಕುಂಬಾಗಿರುತ್ತವೆ, ಒಂದೊಂದು ಅಡಿ ಕತ್ತರಿಸಿಬಿಡಿ. ಸುತ್ತಿಗೆಯಿಂದ ಬಡಿದಾಗ ಡಬ್ ಎಂದು ಸದ್ದು ಬಂದರೆ, ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹಿಡಿದಿದೆ ಎಂದರ್ಥ. ಅದನ್ನು ಒಳ್ಳೆಯ ಮರದ ಜೊತೆ ಪೇರಿಸಬೇಡಿ. ಇವೆಲ್ಲ ಹೋಗಿ 60ರಲ್ಲಿ 30, 35 ಘನ ಅಡಿ ಒಳ್ಳೆಯ ಹಲಗೆ ಉಳಿದರೆ ತೃಪ್ತಿಪಡಿ. ಎರಡು ಮಂಚ, ಊಟದ ಮೇಜು, ಮುಂಬಾಗಿಲು, ಒಂದೆರಡು ಬೆಂಚುಗಳಿಗೆ ಅದು ಸಾಕಾದೀತು.

ಹಳೆಯ ಮರಕ್ಕೆ ಎರಡು ಗುಪ್ತ ಅಪಾಯಗಳಿವೆ, ಇವನ್ನು ಹೇಳದೆ ಬರೀ ಹೊಗಳುವುದು ತಪ್ಪಾಗುತ್ತದೆ. ಮೊದಲನೆಯದು ಬಣ್ಣ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ ಬಣ್ಣ ಬಳಿದ ಬಾಗಿಲವಾಡಗಳನ್ನು ಒಣದಾಗಿ ಉಜ್ಜಿದರೆ ಸೀಸದ ಧೂಳು ಏಳುತ್ತದೆ, ಅದು ಮಕ್ಕಳ ಮಿದುಳಿಗೆ ಹಾನಿ. ನೀರು ಹನಿಸಿ, ಮುಖಗವಸು ಹಾಕಿ, ಮನೆಯಿಂದ ದೂರದಲ್ಲಿ ಕೆರೆದು, ಕೆರೆದದ್ದನ್ನು ತೋಟಕ್ಕೆ ಚೆಲ್ಲದೆ ಕಟ್ಟಿಡಿ. ಎರಡನೆಯದು ಒರಲೆಗೆಂದು ಹಿಂದೆ ಬಳಿದಿರಬಹುದಾದ ಔಷಧ. ಈಗ ನಿಷೇಧವಾಗಿರುವ ಆಲ್ಡ್ರಿನ್‌ನಂಥವು ಒಂದು ಕಾಲದಲ್ಲಿ ಅಂಗಡಿಯಲ್ಲೇ ಸಿಗುತ್ತಿದ್ದವು. ನಿಮ್ಮ ಮನೆಯಲ್ಲಿ ಹಾಗೇನಾದರೂ ಹೊಡೆಸಿದ ನೆನಪು ಹಿರಿಯರಿಗಿದ್ದರೆ ಹೊರಮೈಯನ್ನು ಕಾಲಂಗುಲ ಕೀಸಿ ತೆಗೆಸಿ, ಆ ಮರವನ್ನು ಮಗುವಿನ ಮಂಚಕ್ಕೂ ಅಡುಗೆಮನೆಗೂ ಬಳಸಬೇಡಿ. ಯಾವ ಮರವೆಂದೇ ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಸಣ್ಣ ತುಂಡಿನಿಂದಲೇ ಗುರುತಿಸಿಕೊಡುತ್ತಾರೆ. ಹಲಗೆಗಳನ್ನು ಬೇರೆ ಊರಿಗೆ ಸಾಗಿಸುವುದಾದರೆ, ಅದರಲ್ಲೂ ಬೀಟೆಯ ತುಂಡೇನಾದರೂ ಇದ್ದರೆ, ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಮರ ಸಾಲದೆ ಬಂದರೆ ನಿಮ್ಮ ಸುತ್ತಲೇ ನೋಡಿ. ತೋಟದಲ್ಲಿ ಗಾಳಿಗೆ ಉರುಳಿದ ಹಲಸು ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಅಕೇಶಿಯಾವನ್ನು ಮಲೆನಾಡಿನಲ್ಲಿ ಎಲ್ಲರೂ ಬೈಯುತ್ತಾರೆ, ಸಹಜ ಕಾಡು, ಬ್ಯಾಣವೆಂಬ ಹುಲ್ಲುಗಾವಲುಗಳ ಜಾಗದಲ್ಲಿ ಅದನ್ನು ನೆಟ್ಟದ್ದಕ್ಕೆ ನಾನೂ ಬೈಯುತ್ತೇನೆ. ಆದರೆ ಹೇಗಿದ್ದರೂ ಬೆಳೆದು ನಿಂತಿರುವ, ಕಡಿದು ಸೌದೆಗೆ ಹೋಗುವ ಆ ಮರ ಚೆನ್ನಾಗಿ ಒಣಗಿಸಿದರೆ ಕುರ್ಚಿ, ಮೇಜುಗಳಿಗೆ ಯೋಗ್ಯವಾದದ್ದು, ಪಾಲಿಶ್ ಹಿಡಿದರೆ ತೇಗವೇ ಎಂದು ಮೋಸಹೋಗುವಂತಿರುತ್ತದೆ. ರಬ್ಬರ್ ಮರವೂ ಸರಿ, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಉಪಚಾರವಾಗಿದ್ದರೆ ಮಾತ್ರ. ಇಲ್ಲದಿದ್ದರೆ ಬೇಗ ಹುಳು ಬೀಳುತ್ತದೆ. ಈ ಉಪಚಾರ ನೀರಿನಲ್ಲಿ ತೊಳೆದುಹೋಗುವುದರಿಂದ ರಬ್ಬರ್ ಮರದ ಬೆಂಚನ್ನು ಅಂಗಳದಲ್ಲಿಡಬೇಡಿ. ಕಾಡನ್ನೇ ಮುತ್ತಿರುವ ಲಂಟಾನದ ಕಡ್ಡಿಯಿಂದ ಬೆತ್ತದಂಥ ಕುರ್ಚಿ, ಸೋಫಾಗಳನ್ನು ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕುಶಲಕರ್ಮಿಗಳು ಮಾಡುತ್ತಾರೆ. ತೆಗೆದಷ್ಟೂ ಕಾಡಿಗೆ ಒಳ್ಳೆಯದಾಗುವ ಪೀಠೋಪಕರಣ ನನಗೆ ಗೊತ್ತಿರುವಂತೆ ಅದೊಂದೇ. ಹೊರದೇಶದ ತೇಗ ಕೊಳ್ಳುವುದಿದ್ದರೆ, ಕಾಡನ್ನು ಹಾಳುಮಾಡದೆ ತಂದ ಮರವೆಂದು ಖಾತ್ರಿ ಹೇಳುವ ಎಫ್ಎಸ್‌ಸಿ ಪ್ರಮಾಣಪತ್ರದ ಸಂಖ್ಯೆ ಬಿಲ್ಲಿನ ಮೇಲೆಯೇ ಇರಬೇಕೆಂದು ಪಟ್ಟುಹಿಡಿಯಿರಿ. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ನಿಮ್ಮ ದಿಮ್ಮಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪಾಲಿಶ್ ವಿಷಯದಲ್ಲಿ ಹೊಳಪಿನ ಆಸೆಯನ್ನು ಸ್ವಲ್ಪ ಬಿಡಬೇಕು. ತಿನ್ನರ್ ಬೆರೆಸಿ ಸಿಂಪಡಿಸುವ ಮೆಲಮೈನ್, ಪಿಯು ಪಾಲಿಶ್‌ಗಳ ವಾಸನೆಯೆಂದರೆ ಗಾಳಿಗೆ ಹಾರುತ್ತಿರುವ ದ್ರಾವಕವೇ, ಅದನ್ನು ಮೊದಲು ಉಸಿರಾಡುವವರು ಕೆಲಸಗಾರರು. ಮರದ ನುಣ್ಣನೆ ಧೂಳು ಕೂಡ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇದೆ. ನಿಮ್ಮ ಆಚಾರಿಯವರಿಗೆ ಒಳ್ಳೆಯ ಮುಖಗವಸು ಕೊಡಿಸಿದರೆ ಮನೆಯ ಖರ್ಚಿನಲ್ಲಿ ಅದು ಲೆಕ್ಕಕ್ಕೂ ಬರುವುದಿಲ್ಲ. ಮತ್ತಿ, ಹಲಸಿಗೆ ಕಾಯಿಸಿದ ಅಗಸೆ ಎಣ್ಣೆ ಮತ್ತು ಜೇನುಮೇಣ, ನೀರು ತಾಗದ ಕಡೆ ಅರಗಿನ ಪಾಲಿಶ್ ಸಾಕು. ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ, ಅವು ತಾವಾಗಿಯೇ ಕಾದು ಹೊತ್ತಿಕೊಳ್ಳುತ್ತವೆ. ಬಿಡಿಸಿ ಹಗ್ಗದ ಮೇಲೆ ಒಣಹಾಕಿ.

ಸದ್ಯಕ್ಕೆ ಮಾಡಬೇಕಾದದ್ದಿಷ್ಟು: ಮಳೆ ಹಿಡಿಯುವ ಮೊದಲು ತೊಲೆಗಳನ್ನು ಕೊಯ್ಯಿಸಿ, ಹಲಗೆಗಳ ನಡುವೆ ಒಂದೇ ದಪ್ಪದ ರೀಪು ಕೊಟ್ಟು, ನೆಲದಿಂದ ಒಂದಡಿ ಎತ್ತರದಲ್ಲಿ, ಗಾಳಿಯಾಡುವ ಸೂರಿನಡಿ ಪೇರಿಸಿ. ಹಳೆಯ ಮರವಾದರೂ ಹೊಸದಾಗಿ ಕೊಯ್ದ ಮೈ ಹೊಂದಿಕೊಳ್ಳಲು ಎರಡು ತಿಂಗಳು ಬೇಕು. ಆತುರಪಟ್ಟರೆ ಮೇಜಿನ ಹಲಗೆ ಬಾಗುತ್ತದೆ. ಬಚ್ಚಲ ಒಲೆಗೆ ಹಾಕಲು ಕುಂಬಾದ ತುದಿಗಳೂ ಹೊಟ್ಟೂ ಹೇಗೂ ಸಿಗುತ್ತವೆ. ಪ್ಲೈವುಡ್, ಎಂಡಿಎಫ್ ಚೂರುಗಳನ್ನು, ಬಣ್ಣ ಅಥವಾ ಔಷಧ ಬಳಿದ ತುಂಡುಗಳನ್ನು ಮಾತ್ರ ಆ ಒಲೆಗೆ ಒಡ್ಡಬೇಡಿ: ಅಂಟು ಮತ್ತು ಪ್ಲಾಸ್ಟಿಕ್ ಉರಿದ ಹೊಗೆ ಮೊಮ್ಮಗನ ಉಬ್ಬಸಕ್ಕೆ ಹೊಸ ಕಪಾಟಿಗಿಂತ ಕೆಟ್ಟದ್ದು, ಆ ಬೂದಿ ಅಡಕೆ ಮರದ ಬುಡಕ್ಕೂ ಬೇಡ.